ಆರು ಪ್ರಶ್ನೆ ಚಿಹ್ನೆ

ಸರ್ವರ್ ಬದಲಾದ ಸೋಮವಾರ
ಶ್ರೀರಾಮಪುರದ ವಾರ್ಡ್ ಕಚೇರಿಯಲ್ಲಿ
ಇನ್ನೂರ ಹನ್ನೆರಡು ಪೌರಕಾರ್ಮಿಕರು
ಒಟ್ಟಿಗೆ ಹೆಸರು ಕಳಕೊಂಡರು.
ಪೊರಕೆ, ತಳ್ಳುಗಾಡಿ, ಕೈಗವಸು ಇದ್ದಲ್ಲೇ ಇದ್ದವು;
ಬೀದಿ ಎಂದಿನಂತೆ ಗುಡಿಸಿಕೊಂಡು ಮಲಗಿತ್ತು.
ಬ್ಯಾಂಕು ಮಾತ್ರ ಪಟ್ಟಿ ವಾಪಸು ಕಳಿಸಿ
‘ಹೆಸರು ತಾಳೆಯಾಗುತ್ತಿಲ್ಲ’ ಎಂದಿತು.

ಸರಳಾ ಇದ್ದ ಕಡೆ à²¸à²°à²³à²¾

ಹೇಗೆ ಓದುತ್ತೀರಿ ಇದನ್ನು?
ನಾನು ಓದಬಲ್ಲೆ ಈಗ. ಎರಡು ರಾತ್ರಿ ಕೂತು ಕಲಿತೆ.
ನಮ್ಮ ಒಂದೊಂದು ಅಕ್ಷರಕ್ಕೂ ಮೂರು ಬೈಟು,
ಮೂರನ್ನೂ ಒಂದೇ ಹಿಡಿಯಲ್ಲಿ ಹಿಡಿದರೆ ಸ, ರ, ಳ.
ಹೊಸ ಯಂತ್ರ ಬಿಡಿಬಿಡಿಯಾಗಿ ಓದಿದೆ,
ಅದೂ ಬೇರೆ ಯಾರದೋ ಕಾಗುಣಿತದಲ್ಲಿ.
ತಲಕಟ್ಟು ಹೋಗಿ ಎಲ್ಲರ ತಲೆಮೇಲೂ ಓರೆ ಗೀಟು.
ರಕಾರದೊಳಗೆ ಜ್ವರದ ಡಿಗ್ರಿ,
ಮಕಾರದೊಳಗೆ ಕಂಪನಿಯ ಮುದ್ರೆ,
ಭಕಾರದ ಮೂರನೆಯ ತುಣುಕು ಕಣ್ಣಿಗೇ ಬೀಳುವುದಿಲ್ಲ.
ಣಕಾರಕ್ಕೆ ಪೌಂಡು, ಥಕಾರಕ್ಕೆ ಯೆನ್ನು.
ಮೂರು ತಿಂಗಳಿಂದ ರೂಪಾಯಿ ಕಾಣದವರ ಹೆಸರಲ್ಲಿ
ಎಷ್ಟೊಂದು ವಿದೇಶಿ ಹಣ!

ಮದ್ದು ಸಣ್ಣದು. ಒಂದೂವರೆ ಸಾಲು.
ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸು:
ತಪ್ಪು ಅಕ್ಷರವನ್ನು ಮತ್ತೆ ಬೈಟು ಮಾಡು,
ಬೈಟನ್ನು ಈ ಸಲ ಸರಿಯಾಗಿ ಓದು.
ಮುಟ್ಟುವ ಮೊದಲು ಒಂದು ನಕಲು ತೆಗೆದಿಡು.
ಇದನ್ನು ಕಲಿಸಿದವನು, ಪುಣ್ಯಾತ್ಮ,
ನನಗಿಂತ ಮುಂಚೆ ರಿಪೇರಿಗೆ ಕೈಹಾಕಿದ್ದವನು.
ಅವನ ಹೆಸರು ಗೊತ್ತಿಲ್ಲ; ಅವನು ಮುಟ್ಟಿದ ಸಾಲು ಗೊತ್ತು.
ಹನ್ನೊಂದು. ಅಲ್ಲಿ ಕಲಸುಮೇಲೋಗರವೂ ಇಲ್ಲ, ಬರೀ
????????

ಕಲಸಿದ್ದನ್ನು ಬಿಡಿಸಬಹುದು.
ಪ್ರಶ್ನೆ ಚಿಹ್ನೆಯ ಒಳಗೆ ಏನೂ ಉಳಿದಿರುವುದಿಲ್ಲ,
ಎಣಿಕೆಯೊಂದನ್ನು ಬಿಟ್ಟು.

ಬೆಳಗಿನ ಐದೂವರೆಗೆ ಓಕಳೀಪುರದ ರೈಲು ಸೇತುವೆ ಕೆಳಗೆ
ಹಾಜರಿ ಕರೆಯುವ ಹೊತ್ತಿಗೆ ನಾನೂ ಹೋದೆ,
ಚೀಟಿಯಲ್ಲಿ ಹನ್ನೊಂದು ಸಂಖ್ಯೆ ಬರಕೊಂಡು.
‘ಎಂಟು ಚಿಹ್ನೆ ಯಾರದು?’
ಕೇಳಿದ ಮೇಲೆ ನನಗೇ ನಾಚಿಕೆಯಾಯಿತು.
ಪೆಂಚಲಮ್ಮ ಬೆರಳು ಮಡಿಚಿದಳು, ನಾನು ಬಿಡಿಸಿ ಹೇಳಿದೆ:
ಪ, ಎತ್ವ, ಸೊನ್ನೆ, ಚ, ಲ, ಮ,
ಒತ್ತಿನ ಹಿಂದೆ ಅಡಗಿ ಕೂತ ಗುರುತೊಂದು, ಮ.
‘ನನ್ನೆಸ್ರಲ್ಲಿ ಇಷ್ಟೊಂದು ಐತಾ!’
ಪಕ್ಕದವಳಿಗೆ ಎಂಟೂ ಬೆರಳು ತೋರಿಸಿದಳು.
ನಿಂಗರಾಜ ಕೋಲಾರಕ್ಕೆ ಹೋಗಿದ್ದ; ಫೋನಿನಲ್ಲೇ
ತನ್ನ ಹೆಸರನ್ನು ಎರಡು ಸಲ ಕೂಗಿದ.

ಕೊನೆಗೆ ಉಳಿದದ್ದು ಆರು.
‘ಓಬಳಮ್ಮ’ ಎಂದ ಮೇಸ್ತ್ರಿ. ಎಣಿಸಿದೆ, ಸರಿಹೋಯಿತು.
ಮುಂದೆ ಬಂದವಳಿಗೆ ಇನ್ನೂ ಮೂವತ್ತು ದಾಟಿರಲಿಲ್ಲ.
‘ಅದು ನಮ್ಮತ್ತೆ ಹೆಸ್ರು ಮೇಡಂ. ಅವ್ರು ಹೋಗಿ ನಾಕು ವರ್ಷ.
ಅವ್ರ ಹೆಸ್ರಲ್ಲೇ ಗುಡಿಸ್ತಾ ಇದೀನಿ.
ಹಾಜ್ರಿ ಕರದ್ರೆ ಅವ್ರ ದನೀನಲ್ಲೇ ಓ ಅಂತೀನಿ.’
ನಿನ್ನ ಹೆಸರು?
ಅವಳು ಮೇಸ್ತ್ರಿಯ ಕಡೆ ನೋಡಿದಳು.
ಮೇಸ್ತ್ರಿ ಮೇಲೆ ಹೋಗುವ ರೈಲಿನ ಕಡೆ ನೋಡಿದ.
ಡಬ್ಬಿ ಮುಗಿಯುವವರೆಗೂ ಯಾರಿಗೂ ಏನೂ ಕೇಳಿಸಲಿಲ್ಲ.
‘ಸುಗುಣ.’

ಕಚೇರಿಗೆ ಬಂದು ಕೂತೆ. ನಿಯಮ ಸ್ಪಷ್ಟ:
ಇದ್ದದ್ದನ್ನು ಇದ್ದ ಹಾಗೆ ತರುವುದಷ್ಟೇ ನನ್ನ ಕೆಲಸ.
ಆದರೆ ಏನಿತ್ತೆಂದು ಆ ಕೋಷ್ಟಕಕ್ಕೇ ನೆನಪಿಲ್ಲ;
ಸಾಕ್ಷಿಗೆ ಆರು ಕೊಕ್ಕೆ, ಆರು ಚುಕ್ಕೆ.
ಒಂದೊಂದಾಗಿ ಅಳಿಸಿ ತುಂಬುತ್ತ ಹೋದೆ:
ಸ, ಕೊಂಬು, ಗ, ಕೊಂಬು, ಪೌಂಡಿನ ಣ.
ಐದೇ.
ಆರನೆಯ ಕೊಕ್ಕೆ ತುದಿಯಲ್ಲಿ ನೇತಾಡಿಕೊಂಡು ಉಳಿಯಿತು.

ಸುಗುಣ?

ಅಳಿಸುವ ಕೀಲಿಯ ಮೇಲೆ ಬೆರಳಿಟ್ಟು
ಟೀ ಆರುವ ತನಕ ಕೂತಿದ್ದೆ.